ಅತ್ತಿಗೆಯ ಅಂಗಡಿ ನಮ್ಮ ನಡುಮನೆಯಲ್ಲಿತ್ತು

ಇವತ್ತು ಮಧ್ಯಾಹ್ನ ಹೊನ್ನಾಳಿಯಲ್ಲಿ ಕರೆಂಟು ಹೋಯಿತು. ನಡುಮನೆಯ ಮೂಲೆಯ ಹಳೆಯ ಕಂಪ್ಯೂಟರು ಬ್ಯಾಟರಿಯ ಬಲದಲ್ಲಿ ಹತ್ತು ನಿಮಿಷ ಜೀವ ಹಿಡಿದುಕೊಂಡಿದ್ದು, ಆಮೇಲೆ ಸುಮ್ಮನಾಯಿತು. ಹಗಲೂ ಇರುಳೂ ಗುಂಯ್ ಎನ್ನುವ ಅದರ ಫ್ಯಾನಿನ ಸದ್ದು ನನ್ನ ಕಿವಿಗೆ ಬೀಳುವುದೇ ಅದು ನಿಂತಾಗ. ತಿದ್ದುತ್ತಿದ್ದ ಉತ್ತರಪತ್ರಿಕೆಗಳನ್ನು ಪಕ್ಕಕ್ಕಿಟ್ಟೆ. ಅತ್ತಿಗೆ ನೆನಪಾದರು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ, ಸರೋಜಕ್ಕ. ನ್ಯಾಮತಿಯಲ್ಲಿ ಅವರ ಮನೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದರು. ಪಕ್ಕದ ಮನೆಯ ಗಂಗಮ್ಮ ಅವರಿಗೆ ಜೊತೆಗಾತಿ. ಅತ್ತಿಗೆಯ ಹೊಲಿಗೆ ಎಂಥದೆಂದರೆ, ಒಂದು ತುದಿಯಿಂದ ಹೊರಟ ಎಳೆ ಇನ್ನೊಂದು ತುದಿ ಮುಟ್ಟುವವರೆಗೆ ಎಲ್ಲಿಯೂ ಹಾದಿ ತಪ್ಪುತ್ತಿರಲಿಲ್ಲ. ಆದರೆ ಕೊಳ್ಳುವವರು ಓಣಿಯ ಆಚೆಗೆ ಇರಲಿಲ್ಲ.

ಇಲ್ಲಿ ನನ್ನ ಪ್ರವೇಶವಾಗುತ್ತದೆ. ನಾನು ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ಕಂಪ್ಯೂಟರ್ ತರಬೇತಿಗೆ ಎರಡು ಸಲ ಹೋಗಿ ಬಂದದ್ದರಿಂದ, ಶಾಲೆಯಲ್ಲಿ ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಿದ್ದರು. ಆ ಗೌರವ ತಲೆಗೇರಿತ್ತು. ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಹಳೆಯ ಕಂಪ್ಯೂಟರು ಮನೆಯಲ್ಲಿ ಸುಮ್ಮನೆ ಬಿದ್ದಿತ್ತು. ವೆಬ್‌ಸೈಟಿಗೆ ಎಲ್ಲೋ ದೂರದಲ್ಲಿ ಬಾಡಿಗೆ ಜಾಗ ಹಿಡಿಯಬೇಕಿಲ್ಲ, ಮನೆಯ ಕಂಪ್ಯೂಟರಿನಲ್ಲೇ ಇಟ್ಟು ಜಗತ್ತಿಗೆ ತೋರಿಸಬಹುದು ಎಂದು ಓದಿದ್ದೆ. ಬೇಸಿಗೆ ರಜೆ ಪೂರ್ತಿ ಅದರ ಮುಂದೆ ಕೂತೆ. ಅಂತೂ ಒಂದು ದಿನ ಅತ್ತಿಗೆಯ ಕೌದಿಯ ಚಿತ್ರ ನನ್ನ ಫೋನಿನಲ್ಲಿ ಮೂಡಿದಾಗ, ನೀವು ನಂಬಬೇಕು, ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ.

ಅಂಗಡಿ ನೋಡಲು ಅತ್ತಿಗೆ ಬಸ್ಸಿನಲ್ಲಿ ಬಂದರು. ಕಂಪ್ಯೂಟರಿನ ಡಬ್ಬವನ್ನು ಹಿಂದೆ ಮುಂದೆ ನೋಡಿದರು.

"ಇದರಾಗೆ ಐತಾ ನನ್ನಂಗಡಿ?"

"ಹೂಂ ಅತ್ತಿಗೆ. ಚನ್ನಗಿರಿಯವರೂ ನೋಡಬಹುದು, ಜಗಳೂರಿನವರೂ ನೋಡಬಹುದು."

"ನೋಡೋರಿಗೆ ಬರೀ ಬಣ್ಣ ಕಾಣ್ತೈತೆ. ಯಾರ ಸೀರೆ ಅಂತ ಹೆಂಗೆ ಗೊತ್ತಾಗ್ತೈತೆ? ಅದನ್ನೂ ಬರಿಯವ್ವ. ನಾನು ಹೇಳ್ತೀನಿ."

ಹೀಗೆ ಶುರುವಾಯಿತು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವರ ಫೋನು. ಅವರು ಹೇಳುವುದು, ನಾನು ಬೆರಳಚ್ಚು ಮಾಡುವುದು. "ಈ ನೀಲಿ ಸೀರೆ ನಮ್ಮ ಓಣಿ ದ್ಯಾಮಕ್ಕಂದು. ನೀರಿಲ್ಲದ ಜಗಳೂರು ಕಡೆಯಿಂದ ಲಗ್ನ ಆಗಿ ಬಂದಾಕೆ. ಮೊದಲನೇ ಸಲ ಸೂಳೆಕೆರೆ ನೋಡಾಕೆ ಹೋದಾಗ ಇದನ್ನೇ ಉಟ್ಟಿದ್ಳು. ಏರಿ ಮ್ಯಾಲೆ ನಿಂತು, 'ಇಷ್ಟೊಂದು ನೀರು, ಕಾಯಾಕೆ ಯಾರೂ ಇಲ್ವಲ್ರೇ' ಅಂದ್ಳಂತೆ." ನಾನು ವ್ಯಾಕರಣ ತಿದ್ದಲು ಹೋದರೆ ಅತ್ತಿಗೆ ಒಪ್ಪುತ್ತಿರಲಿಲ್ಲ. "ಅವ್ಳು ಅಂದಂಗೇ ಇರ್ಲಿ ಬಿಡು."

ಜನ ಕೌದಿಗಿಂತ ಮೊದಲು ಆ ಮಾತುಗಳನ್ನು ಓದಿದರು. ಆಮೇಲೆ ಕೌದಿ ಕೇಳಿದರು. ದ್ಯಾಮಕ್ಕನ ನೀಲಿ ಕೌದಿ ಜಗಳೂರಿನ ಒಬ್ಬ ನರ್ಸಮ್ಮನ ಮನೆಗೇ ಹೋಯಿತು.

ಅಂಗಡಿಯ ತಾಪತ್ರಯಗಳೂ ಇದ್ದವು. ಕರೆಂಟು ಹೋದರೆ ಅಂಗಡಿ ಬಂದ್. ನಮ್ಮ ಇಂಟರ್ನೆಟ್ಟಿಗೆ ಸಿಗುವ ವಿಳಾಸ ಆಗಾಗ ತಾನಾಗಿಯೇ ಬದಲಾಗಿ, ಅಂಗಡಿ ಇದ್ದಲ್ಲೇ ಇದ್ದರೂ ಬಂದವರಿಗೆ ಸಿಗುತ್ತಿರಲಿಲ್ಲ. ಒಮ್ಮೆ ನಾನೇ ಕಸ ಗುಡಿಸುವಾಗ ವೈರು ಎಳೆದು ಅರ್ಧ ದಿನ ಬಾಗಿಲು ಹಾಕಿಸಿದ್ದೆ. ಇವನ್ನೆಲ್ಲ ಹೇಗೋ ನಿಭಾಯಿಸಿದೆ. ನಿಭಾಯಿಸಲಾಗದ್ದು ಕಳೆದ ವರ್ಷ ಬೇಸಿಗೆಯ ಕೊನೆಗೆ ಬಂತು. ಕಂಪ್ಯೂಟರಿನ ಒಳಗೆ ಟಕ್ ಟಕ್ ಎಂದಿತು, ಪರದೆ ಕಪ್ಪಾಯಿತು.

ದಾವಣಗೆರೆಯ ರಿಪೇರಿಯವರು ಡಿಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಿ, "ಬ್ಯಾಕಪ್ ಐತೇನ್ರಿ ಮೇಡಂ?" ಎಂದರು. ಪ್ರತಿ ವರ್ಷ ಕಂಪ್ಯೂಟರ್ ಪಾಠದಲ್ಲಿ ನಾನೇ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದು ಮಕ್ಕಳಿಗೆ ಕಲಿಸುವ ಪದ. ಬೇರೆಡೆ ತೆಗೆದಿಟ್ಟ ನಕಲು ನನ್ನ ಹತ್ತಿರ ಇರಲಿಲ್ಲ. ಚಿತ್ರಗಳು, ಮೂರು ವರ್ಷ ಅತ್ತಿಗೆ ಹೇಳಿ ಬರೆಸಿದ ಮಾತುಗಳು, ಎಲ್ಲ ಹೋದವು.

ಅವತ್ತು ಸಂಜೆ ಎಂದಿನಂತೆ ಫೋನು ಬಂತು. ಹೇಳಿಬಿಡಬೇಕಿತ್ತು. "ನಮ್ಮ ಟೀಚರಮ್ಮಗೆ ಬರದೇ ಇರೋದು ಏನೈತೆ" ಎಂದು ಊರೆಲ್ಲ ಹೇಳಿಕೊಂಡು ಬಂದವರ ಮುಂದೆ ಬಾಯಿ ಬರಲಿಲ್ಲ. "ಬರ್ಕೊಳ್ತಿದೀಯೇನವ್ವ?" ಎಂದರು. "ಹೂಂ ಅತ್ತಿಗೆ, ಹೇಳಿ" ಎಂದೆ. ಆ ಹೂಂ ಎರಡು ತಿಂಗಳು ನಡೆಯಿತು. ರಿಪೇರಿ ಮಾಡಿಸಿದ ಮೇಲೆ ಎಲ್ಲ ಇನ್ನೊಮ್ಮೆ ಕೇಳಿ ಬರೆದುಕೊಂಡರಾಯಿತು ಎಂದುಕೊಂಡು, ಸ್ಪೀಕರ್ ಹಾಕಿ ಕಟ್ಟೆಯ ಮೇಲೆ ಫೋನಿಟ್ಟು, ಸೊಪ್ಪು ಬಿಡಿಸುತ್ತ ಹೂಂ ಅಂದೆ. ಕುಕ್ಕರ್ ಕೂಗುವಾಗಲೂ ಹೂಂ ಅಂದೆ. ಒಂದು ಕಾಗದ, ಒಂದು ಪೆನ್ನು ಮನೆಯಲ್ಲಿ ಇರಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ.

ಶ್ರಾವಣದ ಒಂದು ಬೆಳಿಗ್ಗೆ ಅಣ್ಣನ ಫೋನು ಬಂತು. ಅತ್ತಿಗೆ ಬಚ್ಚಲಿಗೆ ನೀರು ತೋಡಲು ಹೋದವರು ಎದೆ ಹಿಡಿದುಕೊಂಡು ಕೂತರಂತೆ, ಮತ್ತೆ ಏಳಲಿಲ್ಲವಂತೆ.

ಕಾರ್ಯವೆಲ್ಲ ಮುಗಿದ ಮೇಲೆ ಗಂಗಮ್ಮನ ಜೊತೆ ಅವರ ಹೊಲಿಗೆಯ ಕೋಣೆಗೆ ಹೋದೆ. ಮಂಚದ ಮೇಲೆ ಏಳು ಕೌದಿಗಳು ಮಡಚಿಟ್ಟಿದ್ದವು. ಅಂಗಡಿ ಮುಚ್ಚಿದ್ದ ಆ ಎರಡು ತಿಂಗಳಲ್ಲಿ ಮುಗಿಸಿದವು, ಮಾರಾಟವಾಗದೆ ಉಳಿದವು. ತಡೆಯಲಾಗಲಿಲ್ಲ, ಗಂಗಮ್ಮನಿಗೆ ಎಲ್ಲ ಹೇಳಿದೆ. ಅವಳು ಸ್ವಲ್ಪವೂ ಬೆರಗಾಗಲಿಲ್ಲ.

"ಅಂಗಡಿ ತೆಗೀತಿಲ್ಲ ಅಂತ ಅಕ್ಕಗೆ ಮೊದಲನೇ ವಾರದಾಗೇ ಗೊತ್ತಿತ್ತು ಬಿಡ್ರಿ. ನನ್ನ ಫೋನ್ನಾಗೇ ಒತ್ತಿ ನೋಡಿದ್ವಿ."

"ಮತ್ತೆ ದಿನಾ ಯಾಕೆ ಬರೆಸ್ತಿದ್ರು?"

"ನಾನೂ ಅದನ್ನೇ ಕೇಳ್ದೆ ರೀ. 'ಗೊತ್ತೈತೆ ಅಂದ್ರೆ ನಾಚ್ಕೊಂಡು ಫೋನ್ ಎತ್ತಾದೇ ಬಿಡ್ತಾಳೆ ಕಣೇ. ಬರೀಲಿ, ಬಿಡ್ಲಿ, ಅವ್ಳು ಹೂಂ ಅಂತಾಳಲ್ಲ' ಅಂದ್ರು. ಹೊಲಿಯಾಕೆ ಕುಂತ್ರೆ ಬಾಯಾಗೆ ದಾರ, ನನ್ನ ಕೂಡ ಎರಡು ಮಾತೂ ಆಡ್ತಿರ್ಲಿಲ್ಲ. ಇಡೀ ದಿನದ ಮಾತನ್ನ ನಿಮಗೇ ಅಂತ ಎತ್ತಿಡ್ತಿದ್ರು."

ಏಳೂ ಕೌದಿಗಳನ್ನು ಗಂಟು ಕಟ್ಟಿ ಹೊನ್ನಾಳಿಗೆ ತಂದೆ.

ಕಂಪ್ಯೂಟರಿಗೆ ಹೊಸ ಡಿಸ್ಕು ಹಾಕಿಸಿದೆ. ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಾಗಿ ಫೋನು ಮಾಡಿ, ನಿಮ್ಮ ಕೌದಿಯ ಬಗ್ಗೆ ಏನು ಬರೆದಿತ್ತು, ನೆನಪಿದೆಯೇ ಎಂದು ಕೇಳಿದೆ. ಕೆಲವರು ಫೋನಿನಲ್ಲೇ ಹೇಳಿದರು. ಜಗಳೂರಿನ ನರ್ಸಮ್ಮ, "ಬರ್ರಿ, ಕೂತು ಹೇಳ್ತೀನಿ" ಎಂದರು; ಎರಡು ಬಸ್ಸು ಬದಲಿಸಿ ಹೋದೆ. ನೀಲಿ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು, ದ್ಯಾಮಕ್ಕ ಸೂಳೆಕೆರೆ ನೋಡಿದ್ದನ್ನು ಬಾಯಿಪಾಠ ಒಪ್ಪಿಸಿದರು. "ಕಾಯಾಕೆ ಯಾರೂ ಇಲ್ವಲ್ರೇ" ಎನ್ನುವಾಗ ಅವರು ಅತ್ತಿಗೆಯ ಹಾಗೆಯೇ ಕೊನೆಯ ಅಕ್ಷರ ಎಳೆದರು. ಅವರು ಅತ್ತಿಗೆಯನ್ನು ಒಮ್ಮೆಯೂ ಕಂಡವರಲ್ಲ, ದನಿ ಕೇಳಿದವರೂ ಅಲ್ಲ. ನಾನು ಈ ಸಲ ಪುಸ್ತಕದಲ್ಲಿ ಬರೆದುಕೊಂಡೆ, ಒಂದಕ್ಷರವನ್ನೂ ತಿದ್ದಲಿಲ್ಲ.

ಹೀಗೆ ಅರ್ಧಕ್ಕಿಂತ ಹೆಚ್ಚು ಸಿಕ್ಕಿದವು. ಆದರೆ ಮಂಚದ ಮೇಲಿದ್ದ ಆ ಏಳು ಕೌದಿಗಳವು ಯಾರ ಬಳಿಯೂ ಸಿಗುವಂತಿರಲಿಲ್ಲ. ಅವುಗಳ ಮಾತು ಕೇಳಿದ್ದು ನಾನೊಬ್ಬಳೇ. ಎಷ್ಟು ನೆನೆದರೂ ಬರುವುದು ಚೂರುಗಳು: ತ್ಯಾವಣಿಗೆಯ ಯಾರೋ ಬಸ್ಸಿನಲ್ಲಿ ನಕ್ಕದ್ದು, ಒಂದು ಸೀರೆಯ ಸೆರಗಿಗೆ ಕಿಡಿ ಹಾರಿದ್ದು, "ಅವ್ಳು ಆಮ್ಯಾಲೆ ಎಂದೂ ಹಾಡ್ಲಿಲ್ಲ" ಎಂಬ ಒಂದು ವಾಕ್ಯ. ಯಾರು, ಯಾಕೆ ಹಾಡಲಿಲ್ಲ, ಅದು ಯಾವ ಕೌದಿ, ತಿಳಿಯದು.

ಇವತ್ತು ಸಂಜೆಗೆ ಕರೆಂಟು ಬಂತು. ಎಷ್ಟೋ ತಿಂಗಳಿಂದ ಮುಂದೂಡುತ್ತ ಬಂದ ಕೆಲಸಕ್ಕೆ ಕೂತೆ. ಏಳೂ ಕೌದಿಗಳ ಚಿತ್ರ ತೆಗೆದು ಅಂಗಡಿಯಲ್ಲಿ ಹಾಕಿದೆ. ಬೆಲೆ ಬರೆಯಲಿಲ್ಲ. ಕಥೆ ಬರೆಯುವ ಜಾಗದಲ್ಲಿ ಏನಾದರೂ ಹೊಸದು ಕಟ್ಟಿ ಬರೆಯಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪ್ರತಿಯೊಂದರ ಕೆಳಗೂ ಒಂದೇ ಸಾಲು ಹಾಕಿದೆ: "ಇದರ ಮಾತನ್ನು ನಮ್ಮ ಅತ್ತಿಗೆ ನನಗೆ ಹೇಳಿದ್ದರು. ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ."