ಎಡೆಗೆ ಮೊದಲು ಉಂಡದ್ದು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಮೊದಲು ಮಂಡಿನೋವು ಕಾರಣವಾಗಿತ್ತು, ಆಮೇಲೆ ಕಣ್ಣಿನ ಪೊರೆ. ಈಗ ಎರಡೂ ವಾಸಿಯಾಗಿ ಕಾರಣಗಳು ಮುಗಿದಿವೆ.

ಕೊಟ್ಟೂರಿನಲ್ಲಿ ನಮ್ಮ ಕ್ರೈಸ್ತ ಸಭೆ ಸೇರುತ್ತಿದ್ದುದು ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ ಆದ್ದರಿಂದ ಭಾನುವಾರದ ಪಾಠ ನನ್ನ ಪಾಲಿಗೆ ಬಂತು. ದೇವರು ಹೇಗಿದ್ದಾನೆಂದು ಹೇಳಬೇಕಿತ್ತು. ನಾನು ಹೆದರಿ ಬದುಕಿದ್ದು ನಮ್ಮ ಹೈಸ್ಕೂಲಿನ ಹೆಡ್ಮಾಸ್ತರಿಗೆ. ದೇವರನ್ನೂ ಹಾಗೇ ವರ್ಣಿಸಿದೆ. ವಿಗ್ರಹಕ್ಕೆ ಎಡೆ ಹಿಡಿದದ್ದನ್ನು ವಿಶ್ವಾಸಿಗಳು ಮುಟ್ಟಬಾರದೆಂದು ಕಟ್ಟುನಿಟ್ಟು ಮಾಡಿದೆ.

ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಅವಳ ಮನೆ ಉಚ್ಚಂಗಿದುರ್ಗದಲ್ಲಿ. ಊರದೇವತೆ ಉಚ್ಚಂಗೆಮ್ಮನಿಗೆ ಎಡೆ ಹಿಡಿಯದೆ ಅಲ್ಲಿ ಯಾರೂ ಉಣ್ಣುತ್ತಿರಲಿಲ್ಲ.

“ಎಡಿ ಹಿಡಿದದ್ದು ನಾ ಉಣ್ಣಂಗಿಲ್ಲಬೇ ಅಕ್ಕಾ,” ಎಂದೆ.

ಅಕ್ಕ ಹಂಚಿನ ಮೇಲಿನ ಮೊದಲ ರೊಟ್ಟಿಯನ್ನು ನನ್ನ ತಟ್ಟೆಗೇ ಹಾಕಿದಳು. ಸೊಸೆ ಗಾಬರಿಯಾದಳು.

“ಅತ್ತಿ, ಅಮ್ಮಗ ಹಿಡೀದ ಇವರಿಗೆ ಹೆಂಗ ಹಾಕ್ತೀರಿ?”

“ಅಮ್ಮಗ ಹಸಿವಿ ತಡಕೊಳ್ಳಾಕ ಬರ್ತೈತಿ. ಇವಗ ಬರಂಗಿಲ್ಲ.”

ಅಂದಿನಿಂದ ನಾನು ಹೋದಾಗಲೆಲ್ಲ ಅದೇ ಕ್ರಮ. ನಾನಿದನ್ನು ಸಭೆಯಲ್ಲಿ ಸಾಕ್ಷಿಯಾಗಿ ಹೇಳಿದೆ. “ಆ ಮನೆಯಲ್ಲಿ ಅವರ ದೇವತೆಯೇ ನನ್ನ ಹಿಂದೆ ಪಾಳಿ ನಿಲ್ಲುತ್ತಾಳೆ.” ಜನ ಹಲ್ಲೆಲೂಯಾ ಎಂದರು. ಕೂಡ್ಲಿಗಿಯಲ್ಲೂ ಹಡಗಲಿಯಲ್ಲೂ ಹೇಳಿದೆ. ಅಲ್ಲಿಯೂ ಎಂದರು.

ಮಾತು ಬಸ್ಸು ಹತ್ತಿ ಉಚ್ಚಂಗಿದುರ್ಗಕ್ಕೂ ಹೋಯಿತು. ಓಣಿಯ ಹೆಂಗಸರು ಅಕ್ಕನ ಕೈಯ ಪ್ರಸಾದ ತೆಗೆದುಕೊಳ್ಳುವುದನ್ನು ಬಿಟ್ಟರು. “ತಮ್ಮನ ಎಂಜಲಾ ಅಮ್ಮಗ ಹಿಡಿಯಾಕಿ,” ಎಂದು ನೀರಿನ ನಲ್ಲಿಯ ಹತ್ತಿರ ಆಡಿಕೊಂಡರು. ಅಕ್ಕ ನನಗೆ ಹೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಸೊಸೆ ಹೇಳಿದಳು.

ಆ ವಾರ ನಾನು ಕೃಪೆಯ ಬಗ್ಗೆ ಪಾಠ ಹೇಳಬೇಕಿತ್ತು. ಒಂದು ಉದಾಹರಣೆ ಬೇಕಿತ್ತು. ಹೆಡ್ಮಾಸ್ತರು ಒದಗಲಿಲ್ಲ. ನೆನಪಾದದ್ದು, ನನ್ನ ಹಟಕ್ಕಾಗಿ ತನ್ನ ದೇವರನ್ನೇ ಕಾಯಿಸಿ, ಊರಿನ ಮಾತು ಕೇಳಿ, ಮತ್ತೆ ನನಗೇ ಮೊದಲ ರೊಟ್ಟಿ ಹಾಕಿದ ಅಕ್ಕ. ದೇವರು ಹೀಗಿರಬಹುದೆಂದು ನನಗೆ ಹೊಳೆದಾಗ ಹಲ್ಲುಗಳು ಉದುರಿದ್ದವು.

ಸಭೆಯಲ್ಲಿ ಎದ್ದು ನಿಂತು, ಆ ಸಾಕ್ಷಿ ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆ. ಪಾಸ್ಟರು ಪ್ರಾರ್ಥಿಸಿದರು. ಎಲ್ಲರೂ ಆಮೆನ್ ಎಂದರು. ಮರುದಿನ ದುರ್ಗಕ್ಕೆ ಹೋದೆ.

“ಅಕ್ಕಾ, ಮೊದಲು ಎಡಿ ಹಿಡಿ. ಆಮ್ಯಾಲೆ ನಾ ಉಣ್ತೀನಿ.”

“ಸುಮ್ನ ಉಣ್ಣಲೇ. ಕಾಯಾದು ಆಕಿಗೆ ರೂಢಿ ಆಗೇತಿ.”

ರೊಟ್ಟಿ ಬಿಸಿಯಿತ್ತು. ಉಂಡೆ. ನೀರು ಕುಡಿದೆ. ಸಂಜೆಯ ಬಸ್ಸು ಹಿಡಿದು ಬಂದೆ.

ದೇವರ ಕ್ಷಮೆ ಕೇಳಿದ್ದೇನೆ, ಸಭೆಯ ಕ್ಷಮೆಯನ್ನೂ ಕೇಳಿದ್ದೇನೆ. ಕೇಳದೆ ಉಳಿದದ್ದು ಅಕ್ಕನ ಕ್ಷಮೆ.