ಓರೆಸ್ಟ್ ಕಳೆದ ಕಸ

ನಮ್ಮ ಕಾರ್ವೆನ್ ಊರಿನ ಎಲಿವೇಟರನ್ನು, ಅಂದರೆ ರೈತರ ಗೋಧಿ ಕೊಂಡು ತುಂಬಿಡುವ ಕಣಜವನ್ನು, ಓರೆಸ್ಟ್ ನೋಡಿಕೊಳ್ಳುತ್ತಿದ್ದಷ್ಟು ಕಾಲವೂ ನಾವು ಅವನನ್ನು ಕಳ್ಳ ಎಂದೇ ಕರೆದೆವು. ರೈಲುಹಳಿಯ ಪಕ್ಕದ ಆ ಎತ್ತರದ ಮರದ ಕಣಜಕ್ಕೆ ಗೋಧಿ ತಂದರೆ ಅವನು ಒಂದು ಬೊಗಸೆ ತೆಗೆದು ಜರಡಿಯಾಡಿಸುತ್ತಿದ್ದ. ಕೆಳಗುದುರಿದ ಕಾಡುಸಾಸಿವೆ, ಹೊಟ್ಟು, ಮಣ್ಣನ್ನು ತೂಗಿ, ಆ ಲೆಕ್ಕದಲ್ಲೇ ಇಡೀ ಲಾರಿಯ ತೂಕದಿಂದ ಕಸ ಕಳೆಯುತ್ತಿದ್ದ. ಉಳಿದದ್ದಕ್ಕಷ್ಟೇ ದುಡ್ಡು. ತನ್ನ ಹೊಲದಲ್ಲಿ ಕಸವಿದೆ ಎಂದು ಒಪ್ಪುವ ರೈತ ನಮ್ಮ ಸಸ್ಕಾಚೆವಾನ್ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಆದ್ದರಿಂದ ಕಳ್ಳ ಓರೆಸ್ಟನೇ ಆಗಬೇಕಿತ್ತು.

ಕಸ ಕಳೆಯುವುದು ಅವನಿಗೆ ಚಟವಾಗಿಬಿಟ್ಟಿತ್ತು. ಚರ್ಚಿನ ಊಟದಲ್ಲಿ ಹೆಂಡತಿ ಸ್ಟೆಫಾನಿಯಾ ಮಾಡಿದ ಪೆರೋಗಿ ಕಡುಬು ಕಚ್ಚಿ, ಒಳಗಿನ ಆಲೂಗಡ್ಡೆಯಲ್ಲಿ ಎರಡು ಪರ್ಸೆಂಟ್ ಮಣ್ಣಿದೆ ಎಂದು ತೀರ್ಪು ಕೊಟ್ಟ. ಆ ವಾರವೆಲ್ಲ ತಾನೇ ಬೇಯಿಸಿಕೊಂಡು ತಿಂದ. ಪಕ್ಕದ ಹೊಲದ ಹಾಲ್ವರ್ ತಾನು ಹಿಡಿದ ಮೀನಿನ ಉದ್ದ ಹೇಳಿದರೆ, ಕಸ ಕಳೆದು ಹೇಳು ಎನ್ನುತ್ತಿದ್ದ. ಆ ಸಿಟ್ಟಿಗೆ ಹಾಲ್ವರ್, ಕಸವೆಂದು ಕಳೆದ ಗೋಧಿಯನ್ನೆಲ್ಲ ಓರೆಸ್ಟ್ ಲಾರಿ ತೂಗುವ ಹಲಗೆಯ ಕೆಳಗಿನ ಗುಂಡಿಯಲ್ಲಿ ಬಚ್ಚಿಟ್ಟಿದ್ದಾನೆ ಎಂದು ಸುದ್ದಿ ಹಬ್ಬಿಸಿದ. ಓರೆಸ್ಟ್ ನಮ್ಮೆದುರು ನಗುತ್ತಿದ್ದ. ಮನೆಗೆ ಹೋಗಿ, ಇವರೆಲ್ಲ ನಿಜವಾಗಿಯೂ ಹಾಗೆ ತಿಳಿದಿದ್ದಾರಾ ಎಂದು ಹೆಂಡತಿಯನ್ನು ಕೇಳುತ್ತಿದ್ದ. ಉತ್ತರ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

ಆಮೇಲೆ ನಮ್ಮೂರಿಗೆ ರೈಲು ಬರುವುದು ನಿಂತಿತು. ಹೆದ್ದಾರಿಯ ಬಳಿ ಕಾಂಕ್ರೀಟಿನ ಎಲಿವೇಟರ್ ಬಂತು. ಅಲ್ಲಿ ಕಸ ಅಳೆಯುವುದು ಯಂತ್ರ. ಅದನ್ನು ಕಳ್ಳ ಎಂದು ಬೈದರೆ ಏನು ಸುಖ? ನಮ್ಮದನ್ನು ಕೆಡವುವ ದಿನ ಊರೆಲ್ಲ ಕುರ್ಚಿ, ಕಾಫಿ ಹಿಡಿದು ಬಂದು ಕುಳಿತಿತು. ಕೆಡವುವ ಯಂತ್ರ ಒಂದು ಮೂಲೆಯನ್ನು ಕಚ್ಚಿ ಕಚ್ಚಿ ಎಳೆಯಿತು. ಕಣಜ ವಾಲಿತು, ಬಿತ್ತು.

ಧೂಳು ಇಳಿದು, ಕೆಲಸದವರು ತೂಕದ ಹಲಗೆ ಕಿತ್ತ ಮೇಲೆ ಹಾಲ್ವರ್ ನೇರ ಆ ಗುಂಡಿಗೆ ನಡೆದ. ಅವನಿಗಿಂತ ಮುಂದೆ ಓರೆಸ್ಟ್. ಒಳಗೆ ಇಲಿಗೂಡು, ತುಕ್ಕು ಹಿಡಿದ ಸ್ಪ್ಯಾನರ್, ಹಿಡಿಯಷ್ಟು ಮುಗ್ಗಲು ಕಾಳು.

"ನೋಡ್ಕೊಂಡ್ಯಾ?" ಎಂದ ಓರೆಸ್ಟ್. "ಇಷ್ಟು ವರ್ಷ ಕಳ್ಳ ಕಳ್ಳ ಅಂದ್ಯಲ್ಲೋ."

ಹಾಲ್ವರ್ ಗುಂಡಿಯಿಂದ ತಲೆ ಎತ್ತಿದ.

"ಅಲ್ವೋ, ನೀನು ನಿಜವಾಗ್ಲೂ ಕಳ್ಳ ಆಗಿದ್ರೆ ನಿನ್ನ ಮುಖದ ಮೇಲೆ ಹಾಗಂತಿದ್ವಾ? ಬಾಯಿ ಮುಚ್ಕೊಂಡು ಪಕ್ಕದೂರಿಗೆ ಗೋಧಿ ಹೊಡ್ಕೊಂಡು ಹೋಗ್ತಿದ್ವಿ."

ಓರೆಸ್ಟ್ ಅವನ ತೋಳು ಹಿಡಿದು, ಸ್ಟೆಫಾನಿಯಾ ಕುಳಿತಿದ್ದ ಕುರ್ಚಿಗಳ ಕಡೆ ಎಳೆದ.

"ಬಾ, ಇದನ್ನ ಸ್ಟೆಫಾನಿಯಾ ಮುಂದೆ ಇನ್ನೊಂದ್ಸಲ ಹೇಳು."