ಕುರಿ ಕಾಯಲು ಉಳಿದವನು

ಆಗ ರೈಲಿಗಿಂತ ಮೊದಲು ರೈಲಿನ ಸುದ್ದಿ ಬರುತ್ತಿತ್ತು. ಝಹೀರಾಬಾದಿನ ಹೊರಗೆ, ಕಬ್ಬು ಮತ್ತು ತೊಗರಿ ಹೊಲಗಳ ನಡುವೆ ಒಂದು ರೈಲ್ವೆ ಗೇಟು. ನಮ್ಮಪ್ಪ ಅಲ್ಲಿ ಗೇಟ್‌ಮನ್. ಅಲ್ಲಿನ ಪುಟ್ಟ ಕೋಣೆಯಲ್ಲಿ ಒಂದು ಕಪ್ಪು ಫೋನಿತ್ತು. ಅದು ರಿಂಗಾದರೆ ಅಪ್ಪ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ, ಚಕ್ರ ತಿರುಗಿಸಿ ಗೇಟು ಇಳಿಸುತ್ತಿದ್ದ, ಹಸಿರು ಬಾವುಟ ಹಿಡಿದು ಹಳಿಯ ಪಕ್ಕ ನಿಲ್ಲುತ್ತಿದ್ದ. ರೈಲು ಹೋದ ಮೇಲೆ ಬಿಟ್ಟ ಕಡೆಯಿಂದಲೇ ಮಾತು ಮುಂದುವರಿಯುತ್ತಿತ್ತು. ನಾನೂ ಅಣ್ಣ ಸುಧಾಕರನೂ ಗೂಡ್ಸಿನ ಡಬ್ಬಿ ಎಣಿಸುವ ಆಟ ಆಡುತ್ತಿದ್ದೆವು. ಇಬ್ಬರ ಲೆಕ್ಕ ಒಮ್ಮೆಯೂ ಒಂದಾಗಿದ್ದು ನೆನಪಿಲ್ಲ. ಆಗಿದ್ದಿರಬಹುದು. ಜಗಳವಿಲ್ಲದ ದಿನಗಳನ್ನು ನೆನಪು ಇಟ್ಟುಕೊಳ್ಳುವುದಿಲ್ಲ.

ಡಿಸೆಂಬರ್ ಎಂದರೆ ಬದುವಿನ ಮೇಲೆ ಸುಡುವ ಹಸಿ ಕಡಲೆ ಗಿಡದ ಹೊಗೆ, ಅವ್ವ ಕರಿಯುವ ಶಂಕರಪಾಳಿಯ ಬಿಸಿ ಎಣ್ಣೆಯ ವಾಸನೆ, ಹೊಸ ಲಂಗದ ಗಂಜಿಯ ವಾಸನೆ. ಪ್ರತಿ ಕ್ರಿಸ್ಮಸ್ಸಿಗೆ ಅಪ್ಪನ ಜೊತೆಗಾರ ಶರಣಪ್ಪ ಕಾಕಾ ಗೇಟು ನೋಡಿಕೊಳ್ಳುತ್ತಿದ್ದ. ಅವನ ಶಿವರಾತ್ರಿಗೆ ಅಪ್ಪ ನಿಲ್ಲುತ್ತಿದ್ದ. ನನಗೆ ಒಂಬತ್ತು ವರ್ಷವಾಗಿದ್ದಾಗ, ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಕಂಗ್ಟಿಯಲ್ಲಿದ್ದ ಶರಣಪ್ಪ ಕಾಕಾನ ತಾಯಿ ಹಾಸಿಗೆ ಹಿಡಿದಳು. ಅವನು ರಜೆ ಹಾಕಿ ಹೋದ.

“ಬ್ಯಾರೇ ಯಾರನರೆ ಕೇಳಿ ನೋಡ್ರಿ,” ಎಂದಳು ಅವ್ವ. “ಪೋರಿ ಮೊದಲನೇ ಸಲ ಚರ್ಚಿನ್ಯಾಗ ನಾಟಕ ಮಾಡಾಕತ್ತಾಳ.”

“ಕೇಳೀನಿ. ಯಾರೂ ಇಲ್ಲಂತ. ನಾ ಏನ್ ಮಾಡ್ಲಿ? ಗಾಡಿ ನಿಲ್ತಾವೇನು?”

ಅಪ್ಪ ನಾಟಕ ನೋಡಲು ಬರುವುದಿಲ್ಲ ಎಂದು ನನಗೆ ತಿಳಿಯಿತು. ನಾಟಕದಲ್ಲಿ ಮೂವರು ಕುರುಬರು, ನಾನು ಮೂರನೆಯವಳು. ನಮ್ಮ ಚರ್ಚಿನಲ್ಲಿ ಎಲ್ಲ ತೆಲುಗು, ಬಜಾರಿನಲ್ಲಿ ಉರ್ದು, ಮನೆಯಲ್ಲಿ ಕನ್ನಡ. ನನ್ನ ಪಾಲಿಗೆ ಬಂದದ್ದು ಒಂದೇ ಮಾತು: “ಪದಂಡಿ, ಬೇತ್ಲೆಹೇಮುಕು ಪೋದಾಂ.” ನಡೀರಿ, ಬೇತ್ಲೆಹೇಮಿಗೆ ಹೋಗೋಣ. ಅದನ್ನು ನಾನು ಗೇಟಿನ ಹತ್ತಿರ ನಿಂತು ಬಾಯಿಪಾಠ ಮಾಡುತ್ತಿದ್ದೆ. ಅಪ್ಪನಿಗೆ ಅಷ್ಟಾದರೂ ಕೇಳಲಿ ಎಂದು.

ಚಳಿಗಾಲದಲ್ಲಿ ನಾಗಲಗಿದ್ದದ ಕಡೆಯಿಂದ ಹಿಂಡು ಹೊಡೆದುಕೊಂಡು ಬರುವ ಬೀರಪ್ಪ ಕಾಕಾ ಅಲ್ಲೇ ಇದ್ದ. ಗೇಟು ಮುಚ್ಚಿತ್ತು, ಅವನ ಕುರಿಗಳು ಒಂದರ ಬೆನ್ನಿಗೆ ಒಂದು ಮುಖ ಇಟ್ಟು ನಿಂತಿದ್ದವು.

“ಏ ಪೋರಿ, ಏನ್ ಅದು? ನಿನ್ನಿಯಿಂದ ಅದೇ ಒದರಾಕತ್ತಿ.”

ಕಥೆ ಹೇಳಿದೆ. ಕುರುಬರು ಹೊಲದಲ್ಲಿ ಕುರಿ ಕಾಯುತ್ತಿದ್ದರು, ದೇವದೂತ ಬಂದ, ಯೇಸು ಹುಟ್ಟಿದ್ದಾನೆ ಎಂದ, ಎಲ್ಲರೂ ನೋಡಲು ಓಡಿದರು.

“ಎಲ್ಲಾರೂ?”

“ಹೂಂ, ಎಲ್ಲಾರೂ.”

“ಕುರಿ ಯಾರ ಬಲ್ಲಿ ಬಿಟ್ಟು ಹೋದ್ರು?”

“ಅದು ನಾಟಕದಾಗ ಇಲ್ಲ,” ಎಂದೆ.

“ದೇವದೂತ ಬಂದಾನಂತ ತ್ವಾಳಕ್ಕ ಗೊತ್ತಾಗ್ತದೇನು?” ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಒಬ್ಬವ ಉಳ್ದಿರ್ತಾನ. ಉಳೀಲಾರ್ದ ಹ್ಯಾಂಗ? ನಿಮ್ಮ ಟೀಚರ್‌ಗ ಕುರಿ ಗೊತ್ತಿಲ್ಲ ಬಿಡು.”

ಅಪ್ಪ ಚಕ್ರದ ಮೇಲೆ ಕೈಯಿಟ್ಟು ನಕ್ಕ. “ಬೀರಪ್ಪಾ, ನೀ ಆಗ ಇದ್ದಿದ್ರ ಬೈಬಲ್ಲಿಗಿ ಇನ್ನೊಂದು ಹಾಳಿ ಹೆಚ್ಚಾಗ್ತಿತ್ತು ನೋಡು.”

ಅವರಿಬ್ಬರೂ ಆಮೇಲೆ ಮೇವಿನ ಮಾತಿಗೆ ಹೋದರು. ನಾನು ಆ ಮಾತಿನಲ್ಲೇ ಉಳಿದೆ. ಆ ಒಬ್ಬ ಯಾರು? ಅವನೇ ಉಳಿಯಬೇಕೆಂದು ಯಾರು ಹೇಳಿದರು? ಚಿಕ್ಕವನೋ, ಕುಂಟನೋ, ತಾನಾಗಿ “ನೀವು ಹೋಗ್ರಿ” ಎಂದವನೋ? ಆಕಾಶದ ಬೆಳಕು ಅವನಿಗೂ ಕಂಡಿತ್ತಲ್ಲ, ಕಂಡೂ ಕೂತಿದ್ದು ಹೇಗೆ? ನಾಟಕ ಕಲಿಸುತ್ತಿದ್ದ ಭಾನುವಾರದ ಶಾಲೆಯ ಗ್ರೇಸಮ್ಮ ಟೀಚರನ್ನು ಕೇಳಿದೆ. “ಹೇಳಿದಷ್ಟು ಮಾಡು, ತಲಿ ತಿನ್ನಬ್ಯಾಡ,” ಎಂದು ನನ್ನ ತಲೆಗೆ ಕುರುಬನ ರುಮಾಲಾಗಿ ಟವೆಲು ಬಿಗಿದರು.

ಇನ್ನು ಮುಂದಿನದನ್ನು ನಾನು ಹೇಳುವ ಹಾಗೆ ನಂಬಬೇಡಿ. ಎರಡು ಲೆಕ್ಕಗಳಿವೆ.

ನನ್ನ ಲೆಕ್ಕ: ಕ್ರಿಸ್ಮಸ್ ಬೆಳಿಗ್ಗೆ, ತುಂಬಿದ ಚರ್ಚು. ಕುರಿಗಳಾಗಿ ಬಿಳಿ ಬನಿಯನ್ನಿನ ನಾಲ್ಕು ಚಿಕ್ಕ ಮಕ್ಕಳು ಮೊಣಕಾಲೂರಿ ಕೂತಿದ್ದರು. ದೇವದೂತ ಮಾತು ಮುಗಿಸಿದ. ಉಳಿದಿಬ್ಬರು ಕುರುಬರು ಎದ್ದರು. ನಾನು ಏಳಲಿಲ್ಲ. ತೆಲುಗಿನ ಮಾತು ನಾಲಿಗೆಯ ಮೇಲೇ ಇತ್ತು. ಬಾಯಿಂದ ಬಂದದ್ದು ಕನ್ನಡ: “ನಾ ಬರಂಗಿಲ್ಲ. ನೀವು ಹೋಗ್ರಿ.”

ಸುಧಾಕರನ ಲೆಕ್ಕ: “ಸುಳ್ಳು. ಮಾತು ಮರ್ತು ಕೂತಿದ್ದಿ ನೀ. ಮೂಗು ಸೋರ್ತಿತ್ತು.” ಅವನು ಕೂಸಿಗೆ ಕಾಣಿಕೆ ತರುವ ಮೂವರು ಜ್ಞಾನಿಗಳಲ್ಲಿ ಒಬ್ಬನಾಗಿ, ಬಂಗಾರದ ಕಾಗದ ಸುತ್ತಿದ ಡಬ್ಬಿ ಹಿಡಿದು ಪರದೆಯ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಕಂಡಿರಲೂಬಹುದು.

ಎರಡೂ ನಿಜವಿದ್ದೀತು. ಮರೆತು ಕೂತವಳು, ಕೂತದ್ದಕ್ಕೆ ಒಂದು ಕಾರಣ ಹುಡುಕಿಕೊಂಡಿರಬಹುದು. ಆದರೆ ಪಾಸ್ಟರು ಮುಂದಿನ ಕುರ್ಚಿಯಿಂದ ಬಾಗಿ ನನ್ನ ಕನ್ನಡದಲ್ಲೇ ಕೇಳಿದ್ದನ್ನು ನಾವಿಬ್ಬರೂ ಒಪ್ಪುತ್ತೇವೆ.

“ಯಾಕಮ್ಮಾ, ಯೇಸುಸ್ವಾಮೀನ್ನ ನೋಡಾಕ ನೀ ಹೋಗಂಗಿಲ್ಲೇನು?”

“ಕುರಿ ಯಾರ ಕಾಯ್ತಾರ್ರಿ?”

ಇಡೀ ಚರ್ಚು ನಕ್ಕಿತು. ಒಂದು ಕುರಿಯೂ ನಕ್ಕಿತು. ಅವ್ವ ನಗಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲ ಕಡೆ ನೋಡಿದಳು. ಗ್ರೇಸಮ್ಮ ಟೀಚರು ಪರದೆಯ ಹಿಂದಿನಿಂದ “ಏಳು, ಏಳು” ಎಂದು ಬುಸುಗುಡುತ್ತಿದ್ದರು. ಪಾಸ್ಟರು ಗದರಿಸಲಿಲ್ಲ. ಅಷ್ಟು ಜನರ ಮುಂದೆಯೇ ಹೇಳಿದರು:

“ಅದು ಗ್ರಂಥದಾಗ ಬರ್ದಿಲ್ಲವಾ. ನನಗೂ ಗೊತ್ತಿಲ್ಲ.” ಆಮೇಲೆ ಅಂದರು, “ಒಬ್ಬವ ಉಳ್ದಿದ್ರ, ಹೋದವ್ರು ತಿರುಗಿ ಬಂದು ಅವನಿಗಿ ಹೇಳಿರಬೇಕು.”

ನಾಟಕ ನನ್ನನ್ನು ಬಿಟ್ಟು ಮುಂದಕ್ಕೆ ಹೋಯಿತು. ಕೂಸು ಯೇಸುವನ್ನು ಮಲಗಿಸಿದ್ದ ಗೋದಲಿಗೆ ನಾನು ಬೆನ್ನು ಮಾಡಿ ಕೂತಿದ್ದೆ. ಬನಿಯನ್ನಿನ ಕುರಿಗಳು ಜಗಳವಾಡದ ಹಾಗೆ ನೋಡಿಕೊಂಡೆ.

ಮಧ್ಯಾಹ್ನ ಬಗಾರಾ ಅನ್ನ, ಮಟನ್ನು, ಶಂಕರಪಾಳಿ ತುಂಬಿದ ಡಬ್ಬಿ ಹಿಡಿದು ನಾನೂ ಅಣ್ಣನೂ ಗೇಟಿಗೆ ನಡೆದೆವು. ಅಪ್ಪ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಯೂನಿಫಾರ್ಮು ಹಾಕಿಕೊಂಡು, ಮಂಚದ ತುದಿಯಲ್ಲಿ ಕೂತಿದ್ದ. ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟ.

“ಮೊದಲಿಂದ ಹೇಳು.”

ನಾನು ಮೊದಲಿಂದ ಶುರುಮಾಡಿದೆ. ಯೇಸುವಿನ ತಾಯಿ ಮರಿಯಮ್ಮನಾದವಳು ಯಾವ ಸೀರೆ ಉಟ್ಟಿದ್ದಳು, ನಕ್ಷತ್ರದ ಬಲ್ಬು ಹತ್ತಿತೋ ಇಲ್ಲವೋ, ಹಾರ್ಮೋನಿಯಂ ಈ ಸಲವಾದರೂ ಸರಿಯಾಗಿ ನುಡಿಯಿತೋ, ಎಲ್ಲ ಕೇಳಿದ. ಫೋನು ರಿಂಗಾಯಿತು. ಗೇಟು ಇಳಿಸಿ, ಬಾವುಟ ಹಿಡಿದು, ರೈಲು ಕಳಿಸಿ ಬಂದು ಕೂತ.

“ಹಾಂ. ಆಮ್ಯಾಲೆ?”

ಆಮೇಲಿನದು ನನ್ನ ಪಾಲಿನ ಭಾಗ. ಅಪ್ಪ ಬೈಯುತ್ತಾನೇನೋ ಎಂದು ಹೆದರಿಕೆ. ಮೆಚ್ಚಿಕೊಳ್ಳುತ್ತಾನೆ ಎಂಬ ಆಸೆ ಅದಕ್ಕಿಂತ ಹೆಚ್ಚು. ಅವನ ಸಲುವಾಗಿಯೇ ಉಳಿದಿದ್ದೆನಲ್ಲ. ಬಾಗಿಲಲ್ಲಿ ಬೀರಪ್ಪ ಕಾಕಾ ಬಂದು ಕುಕ್ಕರಗಾಲಲ್ಲಿ ಕೂತಿದ್ದ.

“ನಾ ಹೋಗಲಿಲ್ಲ ಅಪ್ಪಾ. ಕುರಿ ಬಲ್ಲೇ ಕೂತೆ.”

“ಶಾಬಾಶ್!” ಎಂದು ಬೀರಪ್ಪ ಕಾಕಾ ತೊಡೆ ತಟ್ಟಿದ. “ಈಗ ನೋಡು ಖರೇ ಕುರುಬಾಕಿ!”

ಅಪ್ಪ ನನ್ನ ತಲೆಯ ಮೇಲಿನ ಟವೆಲು ಬಿಚ್ಚಿ, ಮಡಚಿ, ತೊಡೆಯ ಮೇಲಿಟ್ಟುಕೊಂಡ.

“ನೀ ಹೋಗಬೇಕಿತ್ತವಾ,” ಎಂದ. “ನೀನೂ ನೋಡಲಿಲ್ಲಂದ್ರ ನನಗ ಯಾರ ಹೇಳ್ತಾರ?”

ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಉಳಿದವನ ಜೊತೆ ಕೂತರೆ ಅವನಿಗೆ ಸಮಾಧಾನ ಎಂದುಕೊಂಡಿದ್ದೆ. ಅವನಿಗೆ ಬೇಕಾಗಿದ್ದದ್ದು ಓಡಿ ಹೋಗಿ, ಕಣ್ಣು ತುಂಬ ನೋಡಿ, ಓಡಿ ಬರುವವಳು.

ಸುಧಾಕರ ಬಾಯಿ ತೆರೆಯುವುದರೊಳಗೆ ನಾನೇ ಶುರುಮಾಡಿಬಿಟ್ಟೆ. ನೋಡಿದೆ ಅಪ್ಪಾ, ಆಮೇಲೆ ತಿರುಗಿ ನೋಡಿದೆ. ಗೋದಲಿಯಲ್ಲಿ ಕೂಸು ಇತ್ತು. ಕಣ್ಣು ಬಿಟ್ಟಿತ್ತು. ಕೈ ಆಡಿಸುತ್ತಿತ್ತು. ಹುಲ್ಲು ಚುಚ್ಚಿದಾಗ ಒಂದು ಸಲ ಅತ್ತಿತು, ಮರಿಯಮ್ಮ ಎತ್ತಿಕೊಂಡಳು, ಸುಮ್ಮನಾಯಿತು.

ಗೋದಲಿಯಲ್ಲಿದ್ದದ್ದು ಗೊಂಬೆ. ಒಂದು ಕಣ್ಣಿನ ಬಣ್ಣ ಹೋದ ಗೊಂಬೆ. ಹಿಂದಿನ ವರ್ಷ ಅದನ್ನು ಹುಲ್ಲಿನೊಳಗೆ ಮಲಗಿಸಿದವನು ಅಪ್ಪನೇ. ಸುಧಾಕರ ನನ್ನನ್ನೇ ದಿಟ್ಟಿಸುತ್ತಿದ್ದ. ಅಪ್ಪ ಮುಂದಕ್ಕೆ ಬಾಗಿ ಕೇಳುತ್ತಿದ್ದ.

“ಅತ್ತಿತೇನು? ಆಮ್ಯಾಲೆ?”

ಮತ್ತೊಂದು ರೈಲು ಬಂದು ಹೋಯಿತು. ಆಮೇಲೆ ಅಪ್ಪ ಅನ್ನವನ್ನು ಎರಡು ತಟ್ಟೆಗೆ ಹಂಚಿ ಬೀರಪ್ಪ ಕಾಕಾನನ್ನು ಕರೆದ. ತಣ್ಣಗಾಗಿತ್ತು. ಇಬ್ಬರೂ ಚೆನ್ನಾಗಿ ಉಂಡರು.

ಕ್ರಿಸ್ಮಸ್ಸಿನ ಅರ್ಥವೇನು ಎಂದು ಈಗ ಯಾರಾದರೂ ಕೇಳಿದರೆ ದೊಡ್ಡ ಮಾತು ನನಗೆ ಬರುವುದಿಲ್ಲ. ದೇವರು ಮನುಷ್ಯನಾಗಿ ಬಂದ ಎನ್ನುತ್ತೇವೆ, ನಂಬುತ್ತೇನೆ. ಆದರೆ ನಮ್ಮಲ್ಲಿ ಯಾರೂ ಅಲ್ಲಿರಲಿಲ್ಲ. ನೋಡಿದವರು ಏದುಸಿರು ಬಿಡುತ್ತ ಬಂದು ಹೇಳಿದ್ದನ್ನು ಕೇಳಿದವರು ನಾವು, ಕೇಳಿದವರಿಂದ ಕೇಳಿದವರು. ಹೊಲದಲ್ಲಿ ಉಳಿದವನಿಗೂ ಹಬ್ಬ ಹಾಗೆಯೇ ತಲುಪಿರಬೇಕು. ಹೇಳುವವರು ಒಂದೆರಡು ಮಾತು ಹೆಚ್ಚಿಗೆ ಸೇರಿಸಿರಬಹುದು. ಅದು ಗೊತ್ತಾಗಿಯೂ ಅವನು “ಆಮೇಲೆ?” ಎಂದಿರಬಹುದು. ಅದನ್ನು ಮೋಸ ಎನ್ನಬೇಕೋ ನಂಬಿಕೆ ಎನ್ನಬೇಕೋ ನನಗೆ ಇನ್ನೂ ಬಗೆಹರಿದಿಲ್ಲ. ವಿಚಿತ್ರವೆಂದರೆ, ಆ ಬೆಳಿಗ್ಗೆಯ ವಿಷಯ ನನಗಿಂತ, ಅಣ್ಣನಿಗಿಂತ ಚೆನ್ನಾಗಿ ನೆನಪಿರುವುದು ಅಲ್ಲಿ ಇರದಿದ್ದ ಅಪ್ಪನಿಗೆ. ಮರಿಯಮ್ಮನ ಸೀರೆ ನೀಲಿ ಎನ್ನುತ್ತಾನೆ. ಹಾಗೆಂದು ನಾನು ಹೇಳಿದ್ದೆನೆ?

ಗೇಟು ಈಗಿಲ್ಲ. ಹಳಿಯ ಕೆಳಗೆ ರಸ್ತೆ ತೋಡಿದ್ದಾರೆ. ಯಾರೂ ಯಾರಿಗೂ ನಿಲ್ಲಬೇಕಾಗಿಲ್ಲ. ಬೀರಪ್ಪ ಕಾಕಾನ ಹಿಂಡು ಕೂರುತ್ತಿದ್ದ ಹೊಲದಲ್ಲಿ ಪ್ಲಾಟಿನ ಕಲ್ಲು ನೆಟ್ಟಿದ್ದಾರೆ. ಅಪ್ಪ ಪೇಟೆಯಲ್ಲಿ ಸುಧಾಕರನ ಮನೆಯಲ್ಲಿದ್ದಾನೆ.

ಹೋದ ಕ್ರಿಸ್ಮಸ್ಸಿಗೆ ಅಪ್ಪನ ಮೊಣಕಾಲು ಬಾತಿತ್ತು, ಚರ್ಚಿಗೆ ಬರಲಾಗಲಿಲ್ಲ. ಸುಧಾಕರನ ಮಗಳು ನಾಟಕದಲ್ಲಿ ಮರಿಯಮ್ಮ ಆಗಿದ್ದಳು. ನಾನು ಮುಂದಿನ ಸಾಲಿನಲ್ಲಿ ಕೂತು ಒಂದೊಂದನ್ನೂ ನೋಡಿದೆ, ದೇವದೂತನ ರೆಕ್ಕೆ ಬಾಗಿಲಿಗೆ ಸಿಕ್ಕಿಕೊಂಡದ್ದನ್ನು, ಜ್ಞಾನಿಯೊಬ್ಬ ಆಕಳಿಸಿದ್ದನ್ನು. ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಅಪ್ಪನ ಮಂಚದ ಮೇಲೆ ಕೂತೆ.

“ಅಪ್ಪಾ, ಇವತ್ತು ಏನಾತು ಗೊತ್ತದೇನು?”

ಅಪ್ಪ ದಿಂಬಿನ ಪಕ್ಕದ ಮೊಬೈಲು ತೋರಿಸಿದ. “ನೋಡೀನವಾ. ಲೈವ್ ಬಿಟ್ಟಿದ್ರು. ಪೂರಾ ನೋಡೀನಿ.”

ಒಳಗೆ ತಟ್ಟೆ ಹಾಕುವ ಸದ್ದಾಯಿತು. ಅವನು ನನ್ನ ಭುಜ ಹಿಡಿದು ಎದ್ದು ಊಟಕ್ಕೆ ನಡೆದ. ಹೇಳಲೆಂದು ತಂದದ್ದೆಲ್ಲ ನನ್ನ ಹತ್ತಿರವೇ ಉಳಿಯಿತು.